ದೀಪವಲ್ಲದ ಮಣ್ಣಿನ ಚೆಂಡು

ಅಮೆರಿಕದ ಸ್ಯಾನ್ ರಮೋನಿನ ಸಮದ್ ಮೂವತ್ತೆರಡು ವರ್ಷ ಔಷಧ ಕಂಪನಿಯೊಂದರಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ತಂದೆ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ‘ಬಿಸಿನೆಸ್ಸು’ ಎಂದಷ್ಟೇ ಹೇಳುತ್ತಿದ್ದರು. ಅವರ ತಂದೆ ವಿಜಯಪುರದ ಹೊರಗೆ, ಒಂದು ತಗಡಿನ ಶೆಡ್ಡಿನಲ್ಲಿ, ಮದುವೆಗಳಿಗೂ ಉರುಸುಗಳಿಗೂ ಬಾಣ ಬಿರುಸು ತಯಾರಿಸುತ್ತಿದ್ದರು. ತಮ್ಮ ಹೆಸರಿನ ಪಕ್ಕದಲ್ಲಿ ಸಿಡಿಮದ್ದು ಎಂಬ ಪದ ಅಮೆರಿಕದಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ಸಮದ್ ಅವರಿಗೆ ಗೊತ್ತಿತ್ತು.

ಈಗ ಅವರು ಪ್ರತಿ ಗುರುವಾರ ಸ್ಯಾನ್ ಹೊಸೆಯ ಚಿಕ್ಕ ಮ್ಯೂಸಿಯಮ್ಮೊಂದಕ್ಕೆ ಹೋಗಿ, ಸ್ವಯಂಸೇವಕರಾಗಿ ಹಳೆಯ ವಸ್ತುಗಳ ಅಳತೆ ಬರೆದುಕೊಡುತ್ತಾರೆ. ಅಲ್ಲಿನ ಸಂಗ್ರಹದ ಹೊಣೆ ಮೈಸೂರಿನ ವಿಭಾ ಅವರದು. ಕಳೆದ ಮಾರ್ಚಿನಲ್ಲಿ ಒಂದು ಪೆಟ್ಟಿಗೆಯಿಂದ ಮುಷ್ಟಿಗಿಂತ ತುಸು ದೊಡ್ಡದಾದ ಮಣ್ಣಿನ ಚೆಂಡು ಹೊರಬಂತು. ಮೈತುಂಬ ದತ್ತೂರಿ ಕಾಯಿಯಂಥ ಮುಳ್ಳು, ಮೇಲೆ ಕಿರುಬೆರಳೂ ಹೋಗದ ತೂತು. ‘ಎಣ್ಣೆ ದೀಪ, ಉತ್ತರ ಚೀನಾ, ಹನ್ನೆರಡನೆಯ ಶತಮಾನ’ ಎಂದು ಚೀಟಿಯಲ್ಲಿತ್ತು.

ಸಮದ್ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

“ಇದು ದೀಪ ಅಲ್ರೀ ಮೇಡಂ. ಮದ್ದು ತುಂಬಿ ಶತ್ರುಗಳ ಮ್ಯಾಲೆ ಎಸಿಯೋ ಗುಂಡು.”

“ಹೇಗೆ ಹೇಳ್ತೀರಿ ಸರ್?”

ಸಮದ್ ಚೆಂಡನ್ನು ಮೇಜಿನ ಮೇಲಿಟ್ಟು ಹೇಳಿದರು: “ನಮ್ಮಪ್ಪ ಪಟಾಕಿ ಮಾಡ್ತಿದ್ರು. ಮಣ್ಣಿನ ಹೂಕುಂಡದ ಬಾಯಿ ಅಗಲ ಇದ್ರ ಕಿಡಿ ಮ್ಯಾಲೆ ಹಾರ್ತಾವ. ಸಣ್ಣದಿದ್ರ ಕುಂಡನ ಒಡೀತದ. ಒಮ್ಮೆ ಕುಂಬಾರ ಬಾಯಿ ಸಣ್ಣ ಮಾಡಿ ಕೊಟ್ಟಿದ್ದ, ಅಪ್ಪನ ಎರಡು ಬೆರಳು ಹೋದ್ವು. ಇದನ್ನ ಮಾಡಿದವ ಬೇಕಂತನ ಸಣ್ಣ ಮಾಡ್ಯಾನ.”

ವಿಭಾ ಕುರ್ಚಿ ಹಿಂದಕ್ಕೆಳೆದರು. “ಒಳಗೆ ಮದ್ದು ಇನ್ನೂ ಇರಬಹುದಾ?”

“ಮದ್ದಿನಾಗ ಮುಖ್ಯ ಪೆಟ್ಲುಪ್ಪು, ಅದು ನೀರಾಗ ಕರಗ್ತದ. ಎಂಟುನೂರು ವರ್ಷ ಮಣ್ಣಾಗ ಇದ್ದದ್ದು, ಉಳಿದಿರಲಿಕ್ಕಿಲ್ಲ. ಆದ್ರೂ ರೂಲ್ಸ್ ಹೆಂಗದಾವ ಹಂಗ ಮಾಡ್ರಿ.”

ಸ್ಟೋರ್‌ರೂಮಿಗೆ ಬೀಗ ಬಿತ್ತು. ತಜ್ಞರು ಬಂದು ಎಕ್ಸ್‌ರೇ ತೆಗೆದು, ಅಪಾಯವಿಲ್ಲ ಎಂದು ಹೋದರು. ವಿಭಾ ಸಮದ್ ಅವರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೇಳಿದರು. ಸಮದ್ ಬರೆದದ್ದನ್ನು ಅವರ ಮಗಳು ಲುಬ್ನಾ ಓದಿ ಗಾಬರಿಯಾದಳು.

“ಅಬ್ಬಾ, ಪ್ಲೀಸ್, ನಿಮ್ಮ ಇಮೇಲಲ್ಲಿ ಬಾಂಬ್ ಅಂತ ಬರೀಬೇಡಿ. ಬೇರೆ ವರ್ಡ್ ಯೂಸ್ ಮಾಡಿ.”

ಸಮದ್ ಎರಡು ದಿನ ಅದನ್ನು ಕಳಿಸಲಿಲ್ಲ. ಮೂರನೆಯ ದಿನ ಆ ಪದವನ್ನು ಹಾಗೆಯೇ ಇಟ್ಟು, ತಂದೆಯ ಹೆಸರು ಮತ್ತು ಕಸುಬನ್ನು ವಿವರಿಸುವ ಒಂದು ಪ್ಯಾರಾ ಸೇರಿಸಿ ಕಳಿಸಿದರು. ಯಾರೂ ಏನೂ ಕೇಳಲಿಲ್ಲ. ವಿಭಾ ‘ಥ್ಯಾಂಕ್ಸ್ ಸರ್’ ಎಂದು ಉತ್ತರಿಸಿದರು.

ಮ್ಯೂಸಿಯಮ್ಮು ಪರೀಕ್ಷೆಗೆ ಕಳಿಸಿದ ಲ್ಯಾಬಿನವರಿಗೆ ಚೆಂಡಿನೊಳಗೆ ಗಂಧಕದ ಗುರುತು ಸಿಕ್ಕಿತು, ಪೆಟ್ಲುಪ್ಪು ಸಿಗಲಿಲ್ಲ. ಹೊಸ ಚೀಟಿಯಲ್ಲಿ ವಿಭಾ ‘ಬಹುಶಃ ಸಿಡಿಮದ್ದಿನ ಗುಂಡು’ ಎಂದು ಬರೆದರು. ಆ ‘ಬಹುಶಃ’ ಸಮದ್ ಅವರಿಗೆ ಹಿಡಿಸಲಿಲ್ಲ. ಆದರೆ ಕೆಮಿಸ್ಟ್ ಆಗಿ ಆಕ್ಷೇಪಿಸುವುದಕ್ಕೂ ಆಗಲಿಲ್ಲ.

ಆಗಸ್ಟಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಲುಬ್ನಾ ಜೊತೆಗೆ ಬಂದಳು.

“ಇದು ಸಿಡೀಲೇ ಇಲ್ವಾ ಅಬ್ಬಾ?”

“ಇಲ್ಲ. ಸಿಡಿದಿದ್ರ ಚೂರು ಸಿಗ್ತಿದ್ವು.”

ಅವಳು ಗಾಜಿಗೆ ಹಣೆ ಹಚ್ಚಿ ಇನ್ನಷ್ಟು ಹೊತ್ತು ನೋಡಿದಳು. ಹಿಂದೆ ಜನ ಕಾಯುತ್ತಿದ್ದರು. ಇಬ್ಬರೂ ಪಕ್ಕಕ್ಕೆ ಸರಿದರು.