ಮೂಲೆ ಹರಿದ ಕಾರ್ಡು

ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಮಕ್ಕಳು ಎ.ಸಿ.ಯಲ್ಲಿ ಓಡಾಡಿ ಕೊನೆಗೆ ಗಿಫ್ಟ್ ಶಾಪಿನಲ್ಲಿ ಹಟ ಹಿಡಿಯುತ್ತಾರೆ, ಅಷ್ಟೇ ಎಂಬುದು ನನ್ನ ಗಂಡನ ವಾದ. ನಾನು ಯಾವತ್ತು ಅವರ ವಾದ ಕೇಳಿದ್ದೇನೆ? ಒಂದು ಶನಿವಾರ ಮಗಳನ್ನೂ ಮಗನನ್ನೂ ಹೊರಡಿಸಿಕೊಂಡು, ನಾವಿರುವ ಚೋವಾ ಚು ಕಾಂಗ್‌ನಲ್ಲಿ ಎಂಆರ್‌ಟಿ ರೈಲು ಹತ್ತಿದೆ. ರೈಲು, ರಸ್ತೆ ಯಾವುದೂ ಇಲ್ಲದ ಗಡಿಸೀಮೆಗಳಿಗೆ ಹಿಂದೆ ಟಪಾಲು ಹೇಗೆ ಹೋಗುತ್ತಿತ್ತು ಎಂದು ತೋರಿಸುವ ಮ್ಯೂಸಿಯಂ ಅದು. ಗೆಜ್ಜೆ ಕಟ್ಟಿದ ಈಟಿ ಹಿಡಿದು ಓಡುವ ಅಂಚೆಯವನ ಗೊಂಬೆ, ನೀರು ಇಳಿಯದಂತೆ ಮೇಣ ಸವರಿದ ಚೀಲ, ಹೊಳೆ ದಾಟುವಾಗ ನೆನೆದು ಅಕ್ಷರ ಕದಡಿದ ಲಕೋಟೆಗಳು. ನನಗಂತೂ ಹೊಟ್ಟೆ ತುಂಬಿದ ಹಾಗಾಯಿತು.

ಆರು ವರ್ಷದ ಮಗನಿಗೆ ಇದ್ಯಾವುದೂ ಬೇಕಿರಲಿಲ್ಲ. ಬೆನ್ನಿಗೆ ಚೀಲ ಕಟ್ಟಿಕೊಂಡು, ರಟ್ಟಿನ ಹುಲಿಯನ್ನು ತಪ್ಪಿಸಿ, ಹಗ್ಗದ ಸೇತುವೆ ದಾಟಿ ಟಪಾಲು ಮುಟ್ಟಿಸುವ ಆಟವೊಂದಿತ್ತು. "ಈ ಟೈಗರ್ ತುಂಬಾ ಸ್ಲೋ ಲಾ," ಎನ್ನುತ್ತ ಅವನು ಮತ್ತೆ ಮತ್ತೆ ಓಡಿದ.

ಹತ್ತು ವರ್ಷದ ಮಗಳು ಪೋಸ್ಟ್‌ಕಾರ್ಡು ಬರೆಯುವ ಮೇಜಿಗೆ ಹೋಗಿ ಕೂತಳು. ಬರೆದದ್ದನ್ನು ಅಲ್ಲಿಯ ಪೆಟ್ಟಿಗೆಗೆ ಹಾಕಿದರೆ ಅವರೇ ಸ್ಟ್ಯಾಂಪ್ ಹಚ್ಚಿ ನಿಜವಾಗಿಯೂ ಪೋಸ್ಟ್ ಮಾಡುತ್ತಾರೆ. ಮೈಸೂರಿನ ಅಜ್ಜಿಗೆ ಬರೆಯುತ್ತೇನೆ ಎಂದಾಗ ನಾನು ಬೇಕೆಂದೇ ಆ ಕಡೆ ತಿರುಗಿ ನಿಂತೆ. ಹೆಚ್ಚು ಉತ್ಸಾಹ ತೋರಿಸಿದರೆ ಅವಳು ಎದ್ದುಬಿಡುತ್ತಾಳೆ.

ಹಿಂದಿನ ರಜೆಯಲ್ಲಿ ಊರಿಗೆ ಹೋಗಿದ್ದಾಗ, ನನ್ನ ತಮ್ಮನ ಮಗುವಿನ ನಾಮಕರಣದ ದಿನ, ನೆಂಟರೆಲ್ಲರ ಎದುರು ಇವಳು ಕನ್ನಡದಲ್ಲಿ ಏನೋ ಹೇಳಲು ಹೋದಳು. ನನ್ನ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮನ ನಗು ಬೀದಿ ಕೊನೆಗೂ ಕೇಳಿಸುತ್ತದೆ. ಅವತ್ತೇ ಮಗಳು ಅಜ್ಜಿಯ ಜೊತೆ ಮಾತು ಬಿಟ್ಟಳು. ವಿಡಿಯೋ ಕಾಲ್ ಬಂದರೆ ಕೈಬೀಸಿ ರೂಮು ಸೇರುತ್ತಾಳೆ. ಗದರಿದೆ, ಪುಸಲಾಯಿಸಿದೆ, ಎರಡೂ ನಡೆಯಲಿಲ್ಲ. ಇಬ್ಬರ ನಡುವೆ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಅವಳು ಕಾರ್ಡು ತಂದು ತೋರಿಸಿದಳು. ಒಂದು ಮೂಲೆಯನ್ನು ಹರಿದುಹಾಕಿದ್ದಳು.

"ಯಾಕೇ ಹರಿದೆ ಇದನ್ನ?"

"ಆಂಟಿ ಹೇಳಿದ್ರು. ಟೈಗರ್ ಹತ್ರ ಎಸ್ಕೇಪ್ ಆಗಿ ಬಂದಿರೋ ಥರ ಕಾಣ್ಬೇಕಂತೆ."

ಮೇಜಿನ ಬಳಿಯಿದ್ದ ಆ ಮ್ಯೂಸಿಯಂ ಆಂಟಿಗೆ ಏನು ಗೊತ್ತು? ನಮ್ಮಲ್ಲಿ ಮೂಲೆ ಹರಿದ ಕಾರ್ಡು ಬಂದರೆ ಯಾರೋ ತೀರಿಕೊಂಡರು ಎಂದೇ ಅರ್ಥ. ಅದನ್ನು ಹೊಸ್ತಿಲ ಆಚೆಯೇ ನಿಂತು ಓದಿ, ಹರಿದು ಬಿಸಾಡಿ, ಕಾಲು ತೊಳೆದು ಒಳಗೆ ಬರುತ್ತಾರೆ. ಅಮ್ಮನಂತೂ ಇಂಥದ್ದರಲ್ಲಿ ಒಂದು ಎಳೆಯನ್ನೂ ಬಿಡುವವಳಲ್ಲ.

"ಇನ್ನೊಂದು ಬರೆದುಬಿಡು, ಅಜ್ಜಿ ಗಾಬರಿ ಆಗ್ತಾಳೆ," ಎಂದೆ.

"ನೋ. ಫುಲ್ ಕನ್ನಡದಲ್ಲಿ ಬರ್ದಿದೀನಿ ಅಮ್ಮಾ. ಮತ್ತೆ ಬರೆಯಲ್ಲ."

ಕಾರ್ಡು ಕಸಿದುಕೊಂಡು ಓದಿದೆ. 'ಅಜ್ಜಿ, ನನಗೆ ನಿನ್ನ ಜೊತೆ ಮಾತಾಡಬೇಕು. ನಾನು ಮಾತಾಡುವಾಗ ನಗಬೇಡ.' ಅಷ್ಟೇ. ಇದನ್ನು ಎರಡನೇ ಸಲ ಬರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾನೇ ಅದನ್ನು ಪೆಟ್ಟಿಗೆಗೆ ಹಾಕಿದೆ. ಅಮ್ಮನನ್ನು ನಿಭಾಯಿಸಲು ನನಗೆ ಬರುತ್ತದೆ.

ಊಟಕ್ಕೆ ಲಿಟಲ್ ಇಂಡಿಯಾಗೆ ಹೋದೆವು. ಮಕ್ಕಳ ಮುಂದೆ ಮಸಾಲೆ ದೋಸೆ ಇಟ್ಟು, ಹೋಟೆಲಿನ ಬಾಗಿಲಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ.

"ಅವಳು ನಿನಗೊಂದು ಕಾರ್ಡ್ ಹಾಕಿದಾಳೆ. ಮೂಲೆ ಹರಿದಿದೆ. ಹೆದರ್ಕೋಬೇಡ, ಎಲ್ಲರೂ ಚೆನ್ನಾಗಿದೀವಿ."

"ಹರಿದಿದ್ದು ಯಾರು?"

"ಅವಳೇ, ಆಟಕ್ಕೆ."

"ಆಟವಂತೆ ಆಟ. ಎಳೇ ಮಗು ಇರೋ ಮನೆ ಇದು. ಬಾಗಿಲಲ್ಲೇ ಓದಿ ಹರಿದು ಹಾಕ್ತೀನಿ ನೋಡು."

"ಹರಿದು ಹಾಕಿದ್ರೆ ಅವಳು ನಿನ್ನ ಜೊತೆ ಮತ್ತೆ ಮಾತಾಡ್ತಾಳೆ ಅನ್ನೋದನ್ನ ಮರೆತುಬಿಡು," ಎಂದೆ.

ಅಮ್ಮ ಫೋನಿಟ್ಟಳು. ವಾದದಲ್ಲಿ ಸೋಲುವಾಗಲೇ ಅವಳು ಹಾಗೆ ಫೋನಿಡುವುದು, ನನಗೆ ಚೆನ್ನಾಗಿ ಗೊತ್ತು. ಆದರೂ ಮುಂದಿನ ದಿನಗಳಲ್ಲಿ ಮೈಸೂರಿನಿಂದ ಫೋನ್ ಬಂದಾಗಲೆಲ್ಲ ಕಾರ್ಡು ಬಂತೇ ಎಂದೇ ಮೊದಲು ಕೇಳುತ್ತಿದ್ದೆ.

ಕಡೆಗೊಂದು ಸಂಜೆ ವಿಡಿಯೋ ಕಾಲ್ ಬಂತು. ಅಮ್ಮ ಮನೆಯ ಹೊರಗೆ, ಮೆಟ್ಟಿಲ ಮೇಲೆ ಕೂತಿದ್ದಳು. ಕಾರ್ಡನ್ನು ಫೋನಿಗೆ ಹತ್ತಿರ ಹಿಡಿದಳು. ಹರಿದಿದ್ದ ಮೂಲೆಗೆ ಹಳದಿ ಕಾಗದದ ತುಂಡೊಂದನ್ನು ಅಂಟಿಸಲಾಗಿತ್ತು.

"ಪಕ್ಕದ ಮನೆ ಹುಡುಗಿ ಮದುವೆ ಪತ್ರಿಕೆದು. ಅರಿಶಿನ ಹಚ್ಚಿದ ಮೂಲೆ ಕತ್ತರಿಸಿ ಅಂಟಿಸಿದೀನಿ. ಈಗ ಒಳಗೆ ತಗೊಂಡು ಹೋಗಬಹುದು. ಎಲ್ಲಿ ಅವಳು, ಕರಿ."

ಕರೆದೆ. ಮಗಳು ಬಂದು, ಗಂಟಲು ಸರಿ ಮಾಡಿಕೊಂಡು, ಸ್ಕೂಲಿನ ಈಜಿನ ಕ್ಲಾಸಿನಲ್ಲಿ ನೀರು ಕುಡಿದ ಕಥೆಯನ್ನು ಕನ್ನಡದಲ್ಲಿ ಶುರು ಮಾಡಿದಳು. ನಾಲ್ಕು ಮಾತಾಡುವಷ್ಟರಲ್ಲಿ ಈಜುಕೊಳ, ಟೀಚರು, ಕ್ರಿಯಾಪದ ಎಲ್ಲ ಒಂದರ ಮೇಲೊಂದು ಬಿದ್ದವು. ನನಗೇ ನಗು ತಡೆಯಲಾಗದೆ ಅಡುಗೆಮನೆಯ ಕಡೆ ತಿರುಗಿದೆ. ಫೋನಿನಲ್ಲಿ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಭುಜ ಕುಣಿಯುತ್ತಿತ್ತು.

"ಹೂಂ," ಎಂದಳು ಸೆರಗಿನೊಳಗಿನಿಂದಲೇ. "ಆಮೇಲೇನಾಯ್ತು, ಹೇಳು."