ಒಗೆಯುವ ಕಲ್ಲಿನ ಬಳೆ ಸದ್ದು

ದೆವ್ವ, ಪೀಡೆ, ಮೈಮೇಲೆ ಬರುವುದು, ಇವುಗಳ ಮಾತೆತ್ತಿದರೆ ನನಗೆ ಮೊದಲಿಂದಲೂ ಸಿಟ್ಟು. ಹೊಳೆನರಸೀಪುರದಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟರಾಗಿದ್ದ ನಮ್ಮಪ್ಪ ನಮ್ಮನ್ನು ಹಾಗೆ ಬೆಳೆಸಿದ್ದರು. ಹುಣಸೆಮರದಲ್ಲಿ ಮೋಹಿನಿ ಇದ್ದಾಳೆ ಎಂದು ಯಾರಾದರೂ ಅಂದರೆ ಅದರ ಬುಡದಲ್ಲೇ ಚಾಪೆ ಹಾಸಿ ನಿದ್ದೆ ಹೊಡೆಯುವ ಮನುಷ್ಯ. ಈಗ ನಾನು ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಸಾಕು ಸುಮ್ಮನಿರಿ ಎಂದು ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋದರೆ ನನಗೇನೂ ಬೇಜಾರಿಲ್ಲ. ನನ್ನ ಮಾತು ನಂಬದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನನ್ನನ್ನು ಕೊಟ್ಟಿದ್ದು ಸಾಲಗಾಮೆ ಕಡೆಯ ಒಂದು ಹಳ್ಳಿಗೆ. ಐವತ್ತರ ದಶಕದ ಮಾತು. ಊರಿನ ಹೆಸರು ಬೇಡ, ಆ ಮನೆಯವರ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ. ಊರಾಚೆ ಒಂದು ಹಳೆಯ ಈಶ್ವರನ ಗುಡಿ ಇತ್ತು, ಎಲ್ಲರೂ ಅದನ್ನು ಕಲ್ಲುಗುಡಿ ಅನ್ನುತ್ತಿದ್ದರು. ಕೊರವಂಗಲದ ಗುಡಿ ನೋಡಿದವರಿಗೆ ಇದು ಅದರ ತಂಗಿ ಅನ್ನಿಸಬೇಕು. ಬಳಪದ ಕಲ್ಲಿನ ಕಂಬಗಳು ಮುಖ ಕಾಣುವಷ್ಟು ನುಣುಪು. ಚಾವಣಿಯ ನಡುವಿನಿಂದ ಕಲ್ಲಿನ ಬಾಳೆಮೊಗ್ಗು ತಲೆಕೆಳಗಾಗಿ ಇಳಿದಿತ್ತು. ಲಿಂಗ ಬಿರುಕು ಬಿಟ್ಟಿದೆ ಎಂದು ಪೂಜೆ ನಿಂತು ಎಷ್ಟು ತಲೆಮಾರಾಗಿತ್ತೋ. ಪೂಜೆ ನಿಂತ ಮೇಲೆ ಊರವರಿಗೆ ಅದು ಕೇಳುವವರಿಲ್ಲದ ಕಲ್ಲಿನ ರಾಶಿ. ಒಬ್ಬರ ಮನೆಯ ಮೆಟ್ಟಿಲು, ಇನ್ನೊಬ್ಬರ ಕೊಟ್ಟಿಗೆಯ ಕಂಬ, ಮತ್ತೊಬ್ಬರ ಚರಂಡಿಯ ಹಾಸುಗಲ್ಲು, ಎಲ್ಲ ಅಲ್ಲಿಂದಲೇ ಬಂದದ್ದು.

ಗುಡಿಯ ಅಂಗಳದಲ್ಲಿ ಸತ್ತವರ ಕಲ್ಲುಗಳು ನಿಂತಿದ್ದವು. ವೀರಗಲ್ಲಿನಲ್ಲಿ ಕೆಳಗೆ ಕಾದಾಟ, ಮಧ್ಯೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಗಂಡನ ಚಿತೆಯಲ್ಲಿ ಬೆಂದ ಹೆಂಗಸರದ್ದು ಮಾಸ್ತಿಕಲ್ಲು. ಅದರಲ್ಲಿ ಹೆಂಗಸಿಲ್ಲ, ಮೇಲಕ್ಕೆತ್ತಿದ ಒಂದು ತೋಳು ಮಾತ್ರ, ಅದರ ತುಂಬ ಬಳೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಇದನ್ನೆಲ್ಲ ತೋರಿಸಿದ್ದರು. ಗಂಡಸಿಗೆ ಪೂರ್ತಿ ಮೈ, ಹೆಂಗಸಿಗೆ ಬರೀ ಕೈ, ಇದ್ಯಾವ ನ್ಯಾಯ ಎಂದು ಕೇಳಿದ್ದಕ್ಕೆ, ಮನೆಕೆಲಸಕ್ಕೆ ಬೇಕಾದ್ದು ಕೈ ತಾನೇ ಎಂದು ನಕ್ಕಿದ್ದರು. ಒಳ್ಳೆಯ ಮನುಷ್ಯ. ಆ ಮನೆಯಲ್ಲಿ ಒಳ್ಳೆಯವರು ಅವರೊಬ್ಬರೇ.

ಮಗಳು ಇನ್ನೂ ತೊದಲು ಮಾತಾಡುವಾಗಲೇ ಅವರು ಹೋದರು. ವಿಷಮಶೀತ ಜ್ವರ, ಹಾಸನಕ್ಕೆ ಗಾಡಿ ಕಟ್ಟುವಷ್ಟರಲ್ಲಿ ಮಾತು ನಿಂತಿತ್ತು. ತಿಥಿಯ ದಿನ ನನ್ನನ್ನು ಹಿತ್ತಿಲ ಬಾವಿಯ ಹತ್ತಿರ ಕೂರಿಸಿ, ಕೈತುಂಬ ಹಸಿರು ಬಳೆ ತೊಡಿಸಿ, ಹೂವು ಮುಡಿಸಿದರು. ಆಮೇಲೆ ಎರಡೂ ಕೈ ಹಿಡಿದು ಬಟ್ಟೆ ಒಗೆಯುವ ಕಲ್ಲಿಗೆ ಬಡಿದರು. ತೊಡಿಸಿದ್ದೇ ಒಡೆಯುವುದಕ್ಕೆ! ಆ ಕೆಲಸವನ್ನು ಮುತ್ತೈದೆಯರು ಮಾಡುವುದಿಲ್ಲ, ಗಂಡ ಸತ್ತವರೇ ಮಾಡಬೇಕು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಹಾಗಾಗಿ ನನ್ನ ಬಲಗೈ ಹಿಡಿದು ಬಡಿದವರು ನನ್ನ ಅತ್ತೆಯೇ. ಮುಂಗೈ ಸೀಳಿ ರಕ್ತ ಬಂತು. ಬಳೆಚೂರುಗಳನ್ನು ಗುಡಿಸಿ ತಿಪ್ಪೆಗೆ ಹಾಕಿದರು.

ಮಾರನೆಯ ವಾರದಿಂದ ಅದೇ ಕಲ್ಲಿನ ಮೇಲೆ ಇಡೀ ಮನೆಯ ಬಟ್ಟೆ ಒಗೆಯುವುದು ನನ್ನ ಪಾಲಿಗೆ ಬಂತು. ಅಲ್ಲಿವರೆಗೆ ಆ ಕೆಲಸ ಓರಗಿತ್ತಿಯದಾಗಿತ್ತು, ಭಾವನ ಹೆಂಡತಿ. ಗಂಡ ಸತ್ತವಳು ಎಂದ ಮೇಲೆ ಕೇಳಬೇಕೆ, ಕೆಲಸಗಳೆಲ್ಲ ತಾವೇ ನಡೆದು ಬರುತ್ತವೆ.

ಒಂದು ಮಧ್ಯಾಹ್ನ ಭಾವನ ಪಂಚೆಯನ್ನು ಎತ್ತಿ ಬಡಿದೆ. ಬಟ್ಟೆಯ ಸದ್ದಿನ ಜೊತೆಗೇ ಘಲ್ ಎಂದು ಬಳೆ ಸದ್ದು. ಯಾರೋ ಬಂದರು ಎಂದು ತಿರುಗಿದೆ, ಯಾರೂ ಇಲ್ಲ. ಮತ್ತೆ ಬಡಿದೆ, ಮತ್ತೆ ಘಲ್. ಕೈ ನಿಲ್ಲಿಸಿದರೆ ಸದ್ದೂ ನಿಲ್ಲುತ್ತಿತ್ತು. ಒಡೆದ ಬಳೆಯ ಚೂರು ಸಂದಿಯಲ್ಲಿ ಸೇರಿರಬೇಕು ಎಂದು ಕಲ್ಲಿನ ಸುತ್ತ ಕಡ್ಡಿ ಹಾಕಿ ಕೆರೆದೆ, ನೀರು ಹೊಯ್ದು ತೊಳೆದೆ. ಬಾವಿಯ ರಾಟೆಗೆ ಎಣ್ಣೆ ಬಿಟ್ಟೆ. ಏನು ಮಾಡಿದರೂ, ನಾನು ತೋಳೆತ್ತಿ ಬಡಿದಾಗಲೆಲ್ಲ ಕೈತುಂಬ ಬಳೆ ತೊಟ್ಟವಳು ಒಗೆಯುತ್ತಿರುವ ಹಾಗೆಯೇ ಕೇಳುತ್ತಿತ್ತು. ಓರಗಿತ್ತಿ ಅಷ್ಟು ವರ್ಷ ಒಗೆದರೂ ಅವಳಿಗೆ ಇದು ತಿಳಿಯಲಿಲ್ಲವೇ ಎಂದು ಯೋಚಿಸಿದೆ. ಅವಳಿಗೆ ಹೇಗೆ ತಿಳಿಯಬೇಕು, ಅವಳ ಕೈಯಲ್ಲಿ ಬಳೆ ಇತ್ತಲ್ಲ.

ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿಕೊಳ್ಳಲೂ ಆಗಲಿಲ್ಲ. ನಾನು ಹೇಳುವ ಮೊದಲೇ ಓರಗಿತ್ತಿಯ ಕಿವಿಗೆ ಅದು ಬಿತ್ತು. ಹಿತ್ತಿಲಲ್ಲಿ ಒಬ್ಬಳೇ ಇದ್ದಾಗ ಬಳೆ ತೊಡುತ್ತಾಳೆ, ಜನ ಬಂದರೆ ಬಿಚ್ಚಿ ಮುಚ್ಚಿಡುತ್ತಾಳೆ ಎಂದು ಅತ್ತೆಗೆ ಊದಿದಳು. ಭಾವ ನನ್ನ ಟ್ರಂಕು ಬಗ್ಗಿಸಿ ಸೀರೆಗಳನ್ನೆಲ್ಲ ನೆಲಕ್ಕೆ ಸುರಿದರು. ಏನೂ ಸಿಗಲಿಲ್ಲ. ಸಿಗದಿದ್ದರೆ ಇನ್ನೂ ಕಷ್ಟ ನೋಡಿ. ಸಿಕ್ಕಿದ್ದರೆ ಬಳೆಯ ಆಸೆ ಅನ್ನುತ್ತಿದ್ದರು. ಸಿಗಲಿಲ್ಲವಾದ್ದರಿಂದ ತಂದುಕೊಟ್ಟವನು ಯಾರು, ಬಚ್ಚಿಟ್ಟವನು ಯಾರು ಎಂಬ ಮಾತು ಹುಟ್ಟಿತು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಎಂದು ಊರವರು ಗಾದೆ ಬೇರೆ ಸೇರಿಸಿದರು.

ಒಂದು ದಿನ ಊರಿನ ಇಬ್ಬರು ಹಿರಿಯರು ನಮ್ಮ ಜಗಲಿಯ ಮೇಲೆ ಕೂತು ತೀರ್ಮಾನ ಮಾಡಿದರು. ನಾನು ಹೊಳೆನರಸೀಪುರಕ್ಕೆ ಹೋಗಬೇಕು, ಮಗಳು ಇಲ್ಲೇ ಉಳಿಯಬೇಕು. "ಅವಳು ಓಗ್ಲಿ ಸಾ, ಕೂಸು ನಮ್ಮನೇದು" ಎಂದರು ಭಾವ. ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗಿನ ಅಂಚು ತೀಡುತ್ತ, "ಬಳೆ ಸದ್ದು ನಾನೂ ಕೇಳಿವ್ನಿ, ಸುಳ್ಳು ಯಾಕೇಳ್ಲಿ" ಎಂದರು. ಮಗಳು ಬಾಗಿಲ ಹತ್ತಿರ ಕಡಲೆಬೀಜ ತಿನ್ನುತ್ತ ಕೂತಿದ್ದಳು. ಅವಳನ್ನು ಬಿಟ್ಟು ಹೋಗುವುದೆಂದರೆ ನನಗೆ ಪ್ರಾಣ ಬಿಟ್ಟ ಹಾಗೆಯೇ.

ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ರವಿಕೆಯ ತೋಳನ್ನು ಭುಜದವರೆಗೆ ಮಡಿಸಿ, ಎರಡೂ ಕೈ ಎಲ್ಲರ ಮುಂದೆ ಚಾಚಿದೆ. "ಬನ್ನಿ, ಹಿತ್ತಿಲಿಗೆ ಬನ್ನಿ. ನಿಮ್ಮ ಕಿವಿಯಲ್ಲೇ ಕೇಳಿ" ಎಂದೆ. ಗಂಡಸರು ಬಂದರು, ಬೇಲಿಯಾಚೆ ಹೆಂಗಸರು ನಿಂತರು. ಕಂಬಳಿಯೊಂದನ್ನು ನೆನೆಸಿ ಎತ್ತಿ ಬಡಿದೆ. ಘಲ್. ಇನ್ನೊಮ್ಮೆ ಬಡಿದೆ, ಮತ್ತೊಮ್ಮೆ ಬಡಿದೆ. ಹಗಲು ಹೊತ್ತು, ನೆತ್ತಿಯ ಮೇಲೆ ಬಿಸಿಲು, ಬರಿಗೈ. ಅಷ್ಟು ಜನಕ್ಕೂ ಕೇಳಿಸಿತು. ಹಿರಿಯರಲ್ಲೊಬ್ಬರು ಚಪ್ಪಲಿ ಬಿಟ್ಟು ದೂರ ಸರಿದರು.

"ಕಲ್ಲು ಎಬ್ಬುಸ್ರಲಾ" ಎಂದರು ಭಾವ ಆಳುಗಳಿಗೆ. ಹಾರೆ ಹಾಕಿ ಮಗುಚಿದರು. ಅಡಿಯಲ್ಲಿ ಒದ್ದೆ ಮಣ್ಣು, ಎರೆಹುಳು, ಅಷ್ಟೇ. ಒಂದು ಬಳೆಚೂರೂ ಇರಲಿಲ್ಲ. ಕಲ್ಲಿನ ಮುಖದ ಮೇಲೆ ನೀರು ಹೊಯ್ದಾಗ ತೋಳು ಕಂಡಿತು. ಮೊಣಕೈಯಲ್ಲಿ ಬಾಗಿ ಮೇಲಕ್ಕೆತ್ತಿದ ತೋಳು, ಬೆರಳ ನಡುವೆ ನಿಂಬೆಹಣ್ಣು, ಮುಂಗೈ ತುಂಬ ಬಳೆ. ಮಾವ ಅದನ್ನು ಯಾವಾಗಲೋ ಕಲ್ಲುಗುಡಿಯಿಂದ ಎತ್ತು ಕಟ್ಟಿ ಎಳೆಸಿ ತಂದು, ಹಿಂಬದಿ ಚಪ್ಪಟೆಯಾಗಿದೆ ಎಂದು ಬೋರಲು ಹಾಕಿದ್ದರು. ಆ ಮನೆಯ ಹೆಂಗಸರು ಅಷ್ಟು ಕಾಲ ಅವಳ ಬೆನ್ನಿನ ಮೇಲೆ ಕೊಳೆ ಬಟ್ಟೆ ಬಡಿದಿದ್ದರು.

ಆಮೇಲಿನದು ನೀವು ನೋಡಬೇಕಿತ್ತು. ಅವಳಿಗೆ ಮಾಸ್ತಮ್ಮ ಎಂದು ಹೆಸರಾಯಿತು. ಗುಡಿಯ ಅಂಗಳದ ಕಳೆ ಕಿತ್ತರು, ಬೇರೆಯವರೂ ಹೆದರಿ ತಂತಮ್ಮ ಮನೆಯ ಮೆಟ್ಟಿಲು ತೊಳೆದು ಕುಂಕುಮ ಇಟ್ಟರು. ಕಲ್ಲನ್ನು ಮತ್ತೆ ನೆಡುವ ದಿನ ಹಾಸನದಿಂದ ಬಳೆಗಾರನನ್ನು ಕರೆಸಿದರು. ನಾನು ಊರಲ್ಲೇ ಇರಬಹುದು ಎಂದು ಹಿರಿಯರು ಹೇಳಿ ಕಳಿಸಿದರು, ದೊಡ್ಡ ಉಪಕಾರ ಮಾಡಿದವರ ಹಾಗೆ. ಜಗಲಿಯ ಮೇಲೆ ಅಂದ ಮಾತನ್ನು ಅದೇ ಜಗಲಿಯ ಮೇಲೆ ತಪ್ಪಾಯಿತು ಎಂದು ಹೇಳಿ ಎಂದು ಭಾವನನ್ನು ಕೇಳಿದೆ. "ಅಮ್ಮನೇ ಎದ್ದು ಬಂದವ್ಳೆ, ಇನ್ನೇನ್ ಬೇಕವ್ವಾ ನಿಂಗೆ?" ಎಂದು ಹೊರಟುಹೋದರು.

ಪೂಜೆಯ ದಿನ ಮುತ್ತೈದೆಯರೆಲ್ಲ ಹೊಸ ಬಳೆ ತೊಟ್ಟು ಕಲ್ಲುಗುಡಿಗೆ ಹೋದರು. ನಾನು ಹೋಗುವಂತಿರಲಿಲ್ಲ. ಗಂಡನ ಜೊತೆ ಸತ್ತವಳ ಮುಂದೆ, ಗಂಡ ಸತ್ತೂ ಬದುಕಿರುವವಳು ನಿಂತರೆ ಅಪಶಕುನವಂತೆ. ಅತ್ತೆಯೂ ಹೋಗುವಂತಿರಲಿಲ್ಲ. ಖಾಲಿ ಮನೆಯಲ್ಲಿ ನಾವಿಬ್ಬರೇ ಉಳಿದೆವು, ಮಗಳು ಒಳಗೆ ಮಲಗಿದ್ದಳು. ತಮಟೆಯ ಸದ್ದು ದೂರದಿಂದ ಬರುತ್ತಿತ್ತು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದವರು, ತಲೆ ಎತ್ತದೆ, "ನಂಗೂ ಕೇಳುಸ್ತಿತ್ತು ಕಣವ್ವಾ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮಾವ ಸತ್ತು, ಇನ್ನೂ ಸೊಸೆಯರು ಬರದಿದ್ದ ಕಾಲದಲ್ಲಿ ಆ ಕಲ್ಲಿನ ಮೇಲೆ ಒಗೆಯುತ್ತಿದ್ದವರು ಅವರು. ದಿನವೂ ಬಳೆ ಸದ್ದು ಕೇಳುತ್ತಿತ್ತಂತೆ. ಸದ್ದು ಆಚೆ ಹೋಗದಿರಲಿ ಎಂದು ಬಟ್ಟೆಯನ್ನು ಬಡಿಯದೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದರಂತೆ.

"ಗೊತ್ತಿದ್ದೂ ಜಗಲಿ ಮೇಲೆ ಹಾಗಂದಿರಾ ಅತ್ತೆ?" ಎಂದೆ.

"ನಾ ಒಗ್ಯೋವಾಗ್ಲೂ ಕೇಳುಸ್ತಿತ್ತು ಅಂದಿದ್ರೆ ನನ್ನೂ ಅಂಗೇ ಅಂತಿದ್ರು" ಎಂದು ಇನ್ನೊಂದು ಕಾಯಿ ಸುಲಿದರು.

ನಾನು ಅಂದೇ ಮಗಳನ್ನು ಎತ್ತಿಕೊಂಡು ಹೊರಟೆ. ಊರೆಲ್ಲ ಗುಡಿಯಲ್ಲಿತ್ತು, ಅತ್ತೆ ತಡೆಯಲಿಲ್ಲ. ಅಪ್ಪನ ಮನೆ ಸೇರಿ, ಓದಿ, ಅವರ ಹಾಗೆಯೇ ಮೇಷ್ಟರ ಕೆಲಸ ಹಿಡಿದೆ. ಅಪ್ಪ ಎಲ್ಲ ಕೇಳಿ, ಬಳಪದ ಕಲ್ಲಿಗೆ ತಟ್ಟಿದರೆ ದನಿ ಬರುತ್ತೆ ಕಣಮ್ಮ ಎಂದಿದ್ದರು. ಆ ಗುಡಿಯ ಕಂಬಗಳನ್ನು ನಾನೂ ತಟ್ಟಿ ನೋಡಿದ್ದವಳು, ಅವು ಕಂಚಿನ ಹಾಗೆ ದನಿ ಕೊಡುತ್ತವೆ, ಗಾಜಿನ ಹಾಗಲ್ಲ. ಆ ಸದ್ದು ಏನು, ಬರಿಗೈಯವರಿಗೇ ಯಾಕೆ ಬಂತು ಎಂದು ನನಗೆ ಇವತ್ತಿಗೂ ತಿಳಿಯದು. ಯಾರಾದರೂ ತಿಳಿದವರು ಹೇಳಿದರೆ ಕೇಳುತ್ತೇನೆ. ಆದರೆ ನಿದ್ದೆ ಬಾರದೆ ಹೊರಳುವಾಗ ನನ್ನ ಕಿವಿಯಲ್ಲಿ ಇರುವುದು ಆ ಬಳೆಯ ಸದ್ದಲ್ಲ, ಅವರೆಕಾಯಿ ಸುಲಿಯುವ ಸದ್ದು.