ಕುಡಿಯದ ಶಿವಣ್ಣನ ಲಿವರ್

ಕೊಳ್ಳೇಗಾಲದಲ್ಲಿ ಇಪ್ಪತ್ತೆಂಟು ವರ್ಷ ನಾನು ಸ್ವಂತ ಕ್ಲಿನಿಕ್ ನಡೆಸಿದೆ. ಅದನ್ನು ಮುಚ್ಚುವುದಕ್ಕೆ ನಾಲ್ಕು ವರ್ಷ ಮುಂಚಿನ ಒಂದು ಕೇಸು ಈಗಲೂ ನನ್ನನ್ನು ಬಿಟ್ಟಿಲ್ಲ, ಏಕೆಂದರೆ ಅದರಲ್ಲಿ ತಪ್ಪು ನನ್ನದಿತ್ತು.

ಶಿವಣ್ಣ ಹನೂರಿನ ಮಾರ್ಗವಾಗಿ ಗೋಪಿನಾಥಂಗೆ ಹೋಗುವ ಖಾಸಗಿ ಬಸ್ಸಿನ ಚಾಲಕ. ವಾರಕ್ಕೆ ನಾಲ್ಕು ದಿನ ಅಲ್ಲೇ ತಂಗಿ ಬೆಳಿಗ್ಗೆ ವಾಪಸ್ ಬರಬೇಕು. ದಿನವಿಡೀ ಸೀಟಿನ ಮೇಲೆ. ಬಸ್ ನಿಂತಲ್ಲೆಲ್ಲ ಸಕ್ಕರೆ ಜಾಸ್ತಿ ಹಾಕಿದ ಟೀ, ಬನ್ನು, ಪರೋಟ. ತಂಗಿದ ಕಡೆ ತಟ್ಟೆ ತುಂಬ ಅನ್ನ ಉಂಡು ಬಸ್ಸಿನಲ್ಲೇ ಒಬ್ಬನೇ ನಿದ್ದೆ.

ಆತ ಮೊದಲ ಸಲ ಬಂದದ್ದು ಹೊಟ್ಟೆ ಉಬ್ಬರವೆಂದು. ಸ್ಕ್ಯಾನಿನಲ್ಲಿ ಗ್ರೇಡ್ ಒನ್ ಫ್ಯಾಟಿ ಲಿವರ್ ಎಂದು ಬಂತು. ಅಂದರೆ ಲಿವರಿನಲ್ಲಿ ಕೊಬ್ಬು ಸೇರತೊಡಗಿದೆ. "ಏನೂ ಇಲ್ಲ, ಸ್ವಲ್ಪ ತೂಕ ಇಳಿಸಿ" ಎಂದು ಗ್ಯಾಸಿನ ಮಾತ್ರೆ ಬರೆದು ಕಳಿಸಿದೆ. ಹೊರಗೆ ಬೆಂಚು ತುಂಬಿತ್ತು.

ಏಳು ವರ್ಷದ ನಂತರ ಮತ್ತೆ ಬಂದಾಗ ಗುರುತೇ ಸಿಗಲಿಲ್ಲ. ಕಣ್ಣು ಹಳದಿ, ತೋಳು ಸಣಕಲು, ಹೊಟ್ಟೆಯಲ್ಲಿ ನೀರು, ಕಾಲಿನಲ್ಲಿ ಬಾವು. ಆಗ ಆತನಿಗೆ ನಲವತ್ತೇಳು.

"ದಿನಕ್ಕೆ ಎಷ್ಟು ಕುಡೀತೀಯಪ್ಪಾ?" ಎಂದೆ.

"ಮಾದಪ್ಪನಾಣೆಗೂ ಮುಟ್ಟಿಲ್ಲ ಸಾ."

ಹಾಗೆ ಆಣೆ ಹಾಕಿದ ಕುಡುಕರನ್ನು ಬಹಳ ಕಂಡಿದ್ದೆ. ಚೀಟಿಯಲ್ಲಿ 'ಮದ್ಯಪಾನ?' ಎಂದು ಗೀಚಿ ರಕ್ತ ಪರೀಕ್ಷೆಗೆ ಕಳಿಸಿದೆ.

ಆ ಚೀಟಿಯನ್ನು ಆತನ ಹೆಂಡತಿ ರಾಜಮ್ಮ ಓದಿದ್ದಳು. ಹೊರಗೇ ತಂಗುವ ಗಂಡನ ಮೇಲೆ ಮೊದಲೇ ಅನುಮಾನವಿತ್ತು. ಈಗ ಡಾಕ್ಟರೇ ಬರೆದುಕೊಟ್ಟಂತಾಯಿತು. ಮಗಳನ್ನು ಕರೆದುಕೊಂಡು ಯಳಂದೂರಿನ ತವರಿಗೆ ಹೊರಟುಹೋದಳು. ಕುಡುಕನೆಂಬ ಸುದ್ದಿ ಹಬ್ಬಿ ಬಸ್ಸಿನ ಮಾಲೀಕರೂ ಕೆಲಸ ಬಿಡಿಸಿದರು.

ರಕ್ತದ ವರದಿಯಲ್ಲಿ ಕಾಮಾಲೆಯ ವೈರಸ್ ಯಾವುದೂ ಇರಲಿಲ್ಲ. ಸಕ್ಕರೆ ಮಾತ್ರ ವಿಪರೀತ ಏರಿತ್ತು. ಮೈಸೂರಿನ ತಜ್ಞರ ಬಳಿಗೆ ಕಳಿಸಿದೆ. ಇದು ಕುಡಿತದ್ದಲ್ಲ, ಕೊಬ್ಬಿನಿಂದಲೇ ಆದ ಸಿರೋಸಿಸ್ ಎಂದು ಅವರು ಖಚಿತಪಡಿಸಿದರು. ಬೇಕಾದ್ದಕ್ಕಿಂತ ಹೆಚ್ಚು ಪಿಷ್ಟ, ಸಕ್ಕರೆ ಸೇರಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಲಿವರ್ ಅದನ್ನು ಕೊಬ್ಬಾಗಿ ಕೂಡಿಡುತ್ತದೆ. ಎಷ್ಟೋ ಜನರಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತ ಶುರುವಾಗಿ, ಗಾಯ ಮಾಯ್ದಂತೆ ಒಳಗೆಲ್ಲ ಕಲೆ ಕಟ್ಟಿ, ಕೊನೆಗೆ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ನೋವಿರದ ಕಾರಣ ಬಹಳ ವರ್ಷ ರೋಗಿಗೇ ಗೊತ್ತಾಗುವುದಿಲ್ಲ.

ಮೈಸೂರಿನಿಂದ ಬಂದ ಶಿವಣ್ಣ ಔಷಧಿಯ ಮಾತೇ ಎತ್ತಲಿಲ್ಲ. "ಕುಡ್ತದ್ದಲ್ಲ ಅಂತ ನೀವೇ ಒಂದ್ ಚೀಟಿ ಬರ್ಕೊಡಿ ಸಾ. ಮನೇಲಿ ಮಾತಾಡ್ಸೋರಿಲ್ಲ. ಆಚೆ ಹೋದ್ರೆ ಎಲ್ರೂ ನನ್ ಕಣ್ಣೇ ನೋಡ್ತಾರೆ" ಎಂದ.

ಒಂದು ಚೀಟಿಯಿಂದ ಆದ ತಪ್ಪು ಇನ್ನೊಂದು ಚೀಟಿಯಿಂದ ಸರಿಹೋಗದು ಎನಿಸಿತು. ಮರುದಿನ ಭಾನುವಾರ ವರದಿಗಳನ್ನು ತೆಗೆದುಕೊಂಡು ನಾನೇ ಯಳಂದೂರಿಗೆ ಹೋದೆ. ಜಗಲಿಯ ಮೇಲೆ ಕೂತು ರಾಜಮ್ಮನಿಗೆ ಎಲ್ಲವನ್ನೂ ವಿವರಿಸಿ, "ತಪ್ಪು ಬರೆದವನು ನಾನಮ್ಮ" ಎಂದೆ.

"ಮನೇಗ್ ಬಂದಾಗೆಲ್ಲ ಮೂಸ್ ನೋಡ್ತಿದ್ದೆ ಸಾ. ಒಂದ್ ದಿನಾನೂ ವಾಸ್ನೆ ಇರ್ನಿಲ್ಲ. ಆದ್ರೂ ಅವ್ರ್ ಮಾತ್ ನಂಬ್ನಿಲ್ಲ, ನಿಮ್ ಚೀಟಿ ನಂಬ್ಬುಟ್ಟೆ."

ಅಂದೇ ಸಂಜೆ ಮಗಳೊಂದಿಗೆ ಕೊಳ್ಳೇಗಾಲಕ್ಕೆ ಮರಳಿದಳು. ಉಪ್ಪು ಕಡಿಮೆ ಹಾಕಿ ಅಡುಗೆ ಮಾಡಿದಳು, ಹೊಟ್ಟೆಯ ನೀರು ತೆಗೆಸಲು ಪ್ರತಿ ಸಲವೂ ಜೊತೆಗೆ ಬಂದಳು. ಶಿವಣ್ಣ ಇನ್ನು ಹನ್ನೊಂದು ತಿಂಗಳು ಬದುಕಿದ. ಕೊನೆಗೆ ರಕ್ತ ವಾಂತಿಯಾಗಿ ಹೋದಾಗ ತಲೆ ಆಕೆಯ ತೊಡೆಯ ಮೇಲಿತ್ತಂತೆ.

ಅಲ್ಲಿಂದ ಮುಂದೆ ಗ್ರೇಡ್ ಒನ್ ಎಂಬ ವರದಿ ತಂದ ಯಾರನ್ನೂ ನಾನು ಹಾಗೇ ಕಳಿಸಲಿಲ್ಲ. ಕೂರಿಸಿ ಸಕ್ಕರೆ ನೋಡಿ, ತಟ್ಟೆಯ ಅನ್ನ, ಟೀ, ನಡಿಗೆ ಎಲ್ಲದರ ಬಗ್ಗೆ ಹತ್ತು ನಿಮಿಷ ಮಾತಾಡುತ್ತಿದ್ದೆ. ಆ ಹಂತದಲ್ಲಿ ಲಿವರ್ ಮತ್ತೆ ಚೇತರಿಸಿಕೊಳ್ಳಬಲ್ಲದು. ಅದೇ ಹತ್ತು ನಿಮಿಷವನ್ನು ಶಿವಣ್ಣನಿಗೆ ಕೊಡಲು ನನ್ನ ಬಳಿ ಏಳು ವರ್ಷವಿತ್ತು.